ಎಕ್ಸ್ 11 ಇಲ್ಲದೆಯೂ ಪ್ರೋಗ್ರಾಂ ಕಂಪೈಲ್ ಆಗಬೇಕೆಂದರೆ

ಬಿಲ್ಡ್ ಶುರು ಮಾಡಿದ ಎರಡೇ ನಿಮಿಷಕ್ಕೆ ಕಂಪೈಲರ್ ನಿಂತುಬಿಡುತ್ತದೆ. ಎಕ್ಸ್‌ಲಿಬ್.ಎಚ್ ಅನ್ನುವ ಫೈಲ್ ಸಿಗಲಿಲ್ಲ ಅಂತ ಒಂದು ಸಾಲು, ಅಷ್ಟೇ. ಯಾರನ್ನು ಕೇಳಿದರೂ ಉತ್ತರ ಒಂದೇ: ಎಕ್ಸ್ 11ರ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಳ್ಳಿ, ಸರಿಹೋಗುತ್ತದೆ. ಎಕ್ಸ್ 11 (ಚಿಕ್ಕದಾಗಿ ಎಕ್ಸ್) ಅಂದರೆ ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆ, ಆ ಫೈಲ್ ಅದರದೇ. ನಿಮ್ಮ ಸ್ವಂತ ಲ್ಯಾಪ್‌ಟಾಪ್ ಆದರೆ ಆ ಉತ್ತರ ಸರಿಯೇ. ಆದರೆ ಆ ಯಂತ್ರದಲ್ಲಿ ಎಕ್ಸ್ ಬೇಡವೆಂದೇ ಬಿಟ್ಟಿದ್ದರೆ? ಆಗ ತಿದ್ದಬೇಕಾದದ್ದು ಯಂತ್ರವನ್ನಲ್ಲ, ಪ್ರೋಗ್ರಾಂ ಅನ್ನು. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಎಕ್ಸ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಅದರ ಹನ್ನೊಂದನೆಯ ಆವೃತ್ತಿ, ಅಂದರೆ ಎಕ್ಸ್ 11, ಬಂದದ್ದು 1987ರಲ್ಲಿ. ಲಿನಕ್ಸ್ ಕರ್ನಲ್ ಹುಟ್ಟುವುದಕ್ಕೂ ನಾಲ್ಕು ವರ್ಷ ಮೊದಲು. ಅಲ್ಲಿಂದ ಮುಂದೆ ಲಿನಕ್ಸ್‌ನಲ್ಲಿ ಕಿಟಕಿ, ಮೌಸ್, ಕೀಬೋರ್ಡ್ ಏನೇ ಬೇಕಾದರೂ ಎಕ್ಸ್ ಸರ್ವರ್‌ನ ಮೂಲಕವೇ ಹೋಗಬೇಕಿತ್ತು. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಎಕ್ಸ್‌ನ ಬದಲಿಗೆಂದು ವೇಲ್ಯಾಂಡ್ ಶುರು ಮಾಡಿದರು, 2012ರಲ್ಲಿ ಅದರ 1.0 ಬಂತು. ಫೆಡೋರಾ ಎಂಬ ಲಿನಕ್ಸ್ 2016ರಲ್ಲೇ ತನ್ನ ಮುಖ್ಯ ಡೆಸ್ಕ್‌ಟಾಪನ್ನು ವೇಲ್ಯಾಂಡ್‌ಗೆ ಬದಲಾಯಿಸಿತು. 2025ರಲ್ಲಿ ಒಂದರ ಹಿಂದೆ ಒಂದು ನಡೆಯಿತು: ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್ ಸರ್ವರೇ ಇಲ್ಲ, ಕಿಟಕಿ, ಬಟನ್ ಮಾಡಿಕೊಡುವ ಜಿಟಿಕೆ ಲೈಬ್ರರಿಯ 4.18ರಲ್ಲಿ ಎಕ್ಸ್ 11 ಭಾಗವನ್ನು ಇನ್ನು ಮುಂದೆ ಬಳಸಬೇಡಿ ಎಂಬ ಪಟ್ಟಿಗೆ ಸೇರಿಸಿದರು, ಗ್ನೋಮ್ ಡೆಸ್ಕ್‌ಟಾಪಿನ 49ರಲ್ಲಿ ಎಕ್ಸ್ 11 ಸೆಷನ್ ತಾನಾಗಿ ಬಿಲ್ಡ್ ಆಗುವುದು ನಿಂತಿತು.

ಇಲ್ಲಿ ಜಾಸ್ತಿ ಜನ ಎಡವುವ ಒಂದು ವಿಷಯ ಇದೆ. ಒಂದು ಪ್ರೋಗ್ರಾಂ ವೇಲ್ಯಾಂಡ್ ಮೇಲೆ ಓಡುತ್ತದೆ ಅನ್ನುವುದು ಬೇರೆ, ಎಕ್ಸ್ ಇಲ್ಲದೆ ಕಂಪೈಲ್ ಆಗುತ್ತದೆ ಅನ್ನುವುದು ಬೇರೆ. ಹಳೆಯ ಪ್ರೋಗ್ರಾಂಗಳಿಗೆಂದು ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆ ಇದೆ, ಅದರ ಮೇಲೆ ಓಡುವ ಪ್ರೋಗ್ರಾಂಗೆ ತಾನು ವೇಲ್ಯಾಂಡ್‌ನಲ್ಲಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಇನ್ನು ಕೆಲವು ನಿಜವಾಗಿಯೂ ವೇಲ್ಯಾಂಡ್‌ನಲ್ಲೇ ಓಡುತ್ತವೆ, ಆದರೂ ಎಕ್ಸ್ ಲೈಬ್ರರಿಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಓಡುತ್ತವೆ. ನಾವು ಕೇಳುತ್ತಿರುವುದು ಇನ್ನೂ ಕಟ್ಟುನಿಟ್ಟಾದ ಪ್ರಶ್ನೆ: ಎಕ್ಸ್‌ನ ಒಂದು ಹೆಡರ್ ಫೈಲೂ ಇಲ್ಲದ ಯಂತ್ರದಲ್ಲಿ ಇದು ಬಿಲ್ಡ್ ಆಗುತ್ತದಾ?

ಇದು ಯಾರಿಗೆ ಬೇಕು ಅಂತ ಕೇಳಬಹುದು. ಕಾರಿನ ಡ್ಯಾಶ್‌ಬೋರ್ಡ್ ಪರದೆ, ಆಸ್ಪತ್ರೆಯ ಮಾನಿಟರ್, ಟಿಕೆಟ್ ಯಂತ್ರ, ಲಿನಕ್ಸ್ ಫೋನ್, ಇಂಥವಕ್ಕೆ ಬರೆಯುವವರಿಗೆ ಬೇಕು. ಬೆಂಗಳೂರಿನಲ್ಲಿ ಈ ಎಂಬೆಡೆಡ್ ಕೆಲಸ ಮಾಡುವವರು ಬಹಳ ಜನ ಇದ್ದಾರೆ, ಅವರಿಗೆ ಸಾಧನಕ್ಕೆ ತಕ್ಕ ಲಿನಕ್ಸ್ ಕಟ್ಟಿಕೊಡುವ ಯೋಕ್ಟೋ ಪರಿಚಯ ಇದ್ದೇ ಇರುತ್ತದೆ. ಅದರಲ್ಲಿ ಡಿಸ್ಟ್ರೋ ಫೀಚರ್‌ಗಳ ಪಟ್ಟಿಯಿಂದ ಎಕ್ಸ್ 11 ಎಂಬ ಒಂದು ಪದ ತೆಗೆದರೆ ಸಾಕು, ಇಡೀ ವ್ಯವಸ್ಥೆ ಎಕ್ಸ್ ಇಲ್ಲದೆ ತಯಾರಾಗಬೇಕು. ಎಲ್ಲವನ್ನೂ ತಾವೇ ಕಂಪೈಲ್ ಮಾಡಿಕೊಳ್ಳುವ ಜೆಂಟೂ ಲಿನಕ್ಸ್ ಬಳಸುವವರೂ ಯೂಸ್ ಫ್ಲ್ಯಾಗ್‌ನಲ್ಲಿ ಎಕ್ಸ್ ಬೇಡವೆಂದು ಬರೆದು ಇದೇ ದಾರಿ ಹಿಡಿಯುತ್ತಾರೆ. ಜಾಗ ಉಳಿಯುತ್ತದೆ, ಸೆಕ್ಯುರಿಟಿ ಅಪ್‌ಡೇಟ್ ಮಾಡಬೇಕಾದ ಲೈಬ್ರರಿಗಳು ಕಡಿಮೆಯಾಗುತ್ತವೆ. ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವ ಕಾರಣ ಬೇರೆ. ಈ ಕೆಲಸ ಮಾಡುವಾಗ ನಿಮ್ಮ ಪ್ರೋಗ್ರಾಂ ನಿಜವಾಗಿ ಏನನ್ನು ನಂಬಿಕೊಂಡಿದೆ ಎಂಬುದು ಎಳೆ ಎಳೆಯಾಗಿ ಗೊತ್ತಾಗುತ್ತದೆ. ಎಕ್ಸ್ ಎಲ್ಲಿ ನಿಜವಾಗಿ ಬೇಕಿತ್ತು, ಎಲ್ಲಿ ಬರೀ ರೂಢಿಯಿಂದ ಉಳಿದುಕೊಂಡಿದೆ ಅಂತ ಬಿಡಿಸಿ ನೋಡುವುದೇ ಇಲ್ಲಿನ ಅಸಲಿ ಕೆಲಸ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಿ ಭಾಷೆಯಲ್ಲಿ, ಜಿಟಿಕೆ 3ರಲ್ಲಿ ಬರೆದ ಫೋಟೋ ನೋಡುವ ಪುಟ್ಟ ಪ್ರೋಗ್ರಾಂ. ಮೂರು ಕಡೆ ಅದು ನೇರವಾಗಿ ಎಕ್ಸ್ ಜೊತೆ ಮಾತಾಡುತ್ತದೆ. ಸ್ಲೈಡ್‌ಶೋ ನಡೆಯುವಾಗ ಪರದೆ ಆರಿಹೋಗದಂತೆ ತಡೆಯುತ್ತದೆ. ಫೋಟೋವನ್ನು ಡೆಸ್ಕ್‌ಟಾಪ್ ಹಿನ್ನೆಲೆಯಾಗಿ ಇಡುತ್ತದೆ. ಇನ್ನೊಂದು, ಯಾವ ಕೀ ಒತ್ತಿದರು ಅಂತ ಕೀಕೋಡ್ ಸಂಖ್ಯೆ ನೋಡಿ ತಿಳಿದುಕೊಳ್ಳುತ್ತದೆ.

ಪರದೆಯ ವಿಷಯ ಮೊದಲು. ಹಳೆಯ ಕೋಡ್ ಜಿಡಿಕೆಎಕ್ಸ್.ಎಚ್ ಎಂಬ ಹೆಡರ್ ಸೇರಿಸಿಕೊಂಡು, ಕಿಟಕಿಯ ಎಕ್ಸ್ ಐಡಿ ತೆಗೆದುಕೊಂಡು, ಸ್ಕ್ರೀನ್‌ಸೇವರ್ ನಿಲ್ಲಿಸುವ ಇನ್ನೊಂದು ಪ್ರೋಗ್ರಾಂಗೆ ಆ ಐಡಿಯನ್ನು ಕೊಡುತ್ತದೆ. ಇದನ್ನು ನೋಡಿದ ಕೂಡಲೇ ಸುತ್ತ ಇಫ್‌ಡೆಫ್ (ಎಕ್ಸ್ ಇದ್ದರೆ ಮಾತ್ರ ಕಂಪೈಲ್ ಮಾಡು ಎಂಬ ಗುರುತು) ಹಾಕಿ ಮುಚ್ಚೋಣ ಅನಿಸುತ್ತದೆ. ತಡೆಯಿರಿ. ಈ ಕೆಲಸಕ್ಕೆ ಎಕ್ಸ್ ಬೇಕೇ ಇಲ್ಲ. ಜಿಟಿಕೆಯಲ್ಲೇ ಜಿಟಿಕೆ_ಅಪ್ಲಿಕೇಶನ್_ಇನ್‌ಹಿಬಿಟ್ ಅನ್ನುವ ಫಂಕ್ಷನ್ ಇದೆ, ಪರದೆ ಆರದಿರಲಿ ಅಂತ ಕೇಳಿದರೆ ಅದು ಎಕ್ಸ್ ಇರಲಿ ವೇಲ್ಯಾಂಡ್ ಇರಲಿ ತಕ್ಕ ದಾರಿ ಹುಡುಕಿ ಸಂದೇಶ ಮುಟ್ಟಿಸುತ್ತದೆ. ಆಗದೇ ಹೋದರೆ ಸೊನ್ನೆ ಕೊಡುತ್ತದೆ, ಅದನ್ನು ಪರೀಕ್ಷಿಸಿಕೊಳ್ಳಬೇಕು, ಅಷ್ಟೇ. ಮೂವತ್ತು ಸಾಲು ಹೋಗಿ ಮೂರು ಸಾಲು ಬಂತು, ಎಕ್ಸ್ ಕೂಡ ಆ ಜಾಗದಿಂದ ಬೇರು ಸಮೇತ ಹೋಯಿತು. ಇಫ್‌ಡೆಫ್ ಹಾಕಿದ್ದರೆ ಏನಾಗುತ್ತಿತ್ತು? ಕಂಪೈಲ್ ಆಗುತ್ತಿತ್ತು, ಆದರೆ ಎಕ್ಸ್ ಇಲ್ಲದ ಕಡೆ ಸ್ಲೈಡ್‌ಶೋ ನಡುವೆ ಪರದೆ ಕಪ್ಪಾಗುತ್ತಿತ್ತು. ಎಷ್ಟೋ ಪ್ಯಾಚ್‌ಗಳು ಮಾಡುವುದು ಹೀಗೆಯೇ: ಎರರ್ ಹೋಗುತ್ತದೆ, ಜೊತೆಗೆ ಬಳಸುವವರ ಒಂದು ಸೌಲಭ್ಯವೂ ಹೋಗುತ್ತದೆ.

ಡೆಸ್ಕ್‌ಟಾಪ್ ಹಿನ್ನೆಲೆಯ ಕಥೆ ಬೇರೆ. ಎಕ್ಸ್‌ನಲ್ಲಿ ಎಲ್ಲ ಕಿಟಕಿಗಳ ಹಿಂದೆ ರೂಟ್ ವಿಂಡೋ ಅಂತ ಒಂದು ಇರುತ್ತದೆ, ಯಾವ ಪ್ರೋಗ್ರಾಂ ಬೇಕಾದರೂ ಅದರ ಮೇಲೆ ಚಿತ್ರ ಬಿಡಿಸಬಹುದು. ವೇಲ್ಯಾಂಡ್‌ನಲ್ಲಿ ಅಂಥದ್ದು ಇಲ್ಲ. ಒಂದು ಪ್ರೋಗ್ರಾಂ ಇನ್ನೊಂದರ ಕಿಟಕಿಯೊಳಗೆ ಇಣುಕಬಾರದು, ತನ್ನ ಕಿಟಕಿಯ ಹೊರಗೆ ಕೈ ಹಾಕಬಾರದು ಎಂಬುದೇ ಅದರ ನಿಯಮ. ಹಿನ್ನೆಲೆ ಬದಲಿಸಲು ಡೆಸ್ಕ್‌ಟಾಪ್ ಪೋರ್ಟಲ್ ಎಂಬ ಮಧ್ಯವರ್ತಿಯ ಮೂಲಕ ಕೇಳಿಕೊಳ್ಳಬೇಕು, ಆ ಪೋರ್ಟಲ್ ಕೂಡ ಎಲ್ಲ ಕಡೆ ಇರುತ್ತದೆ ಅನ್ನುವಂತಿಲ್ಲ. ಹಾಗಾಗಿ ಇಲ್ಲಿ ಎಕ್ಸ್ ಕೋಡ್ ಉಳಿಯಬೇಕು, ಆದರೆ ಎಕ್ಸ್ ಇದ್ದಾಗ ಮಾತ್ರ.

ಇದನ್ನು ಬರೆಯುವಾಗ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಕಂಪೈಲ್ ಮಾಡುವಾಗ: ಈ ಜಿಟಿಕೆಯಲ್ಲಿ ಎಕ್ಸ್ ಭಾಗ ಇದೆಯಾ? ಓಡುವಾಗ: ಈಗ ನಾನು ನಿಜವಾಗಿ ಎಕ್ಸ್ ಮೇಲೆ ಇದ್ದೇನಾ? ಜಿಟಿಕೆ 2ರ ಕಾಲದಲ್ಲಿ ಒಂದೇ ಪ್ರಶ್ನೆ ಸಾಕಾಗುತ್ತಿತ್ತು, ಯಾಕೆಂದರೆ ಆಗ ಒಂದು ಬಿಲ್ಡ್‌ಗೆ ಒಂದೇ ಬ್ಯಾಕೆಂಡ್, ಅಂದರೆ ಎಕ್ಸ್‌ನಂಥ ಒಂದೇ ಪರದೆ ವ್ಯವಸ್ಥೆಯ ಜೊತೆ ಮಾತಾಡುವ ಭಾಗ. ಜಿಡಿಕೆ_ವಿಂಡೋಯಿಂಗ್_ಎಕ್ಸ್11 ಎಂಬ ಮ್ಯಾಕ್ರೋ ಇದ್ದರೆ ಎಕ್ಸ್, ಇಲ್ಲದಿದ್ದರೆ ಇಲ್ಲ. 2011ರಲ್ಲಿ ಜಿಟಿಕೆ 3 ಬಂದಾಗ ಒಂದೇ ಬಿಲ್ಡ್‌ನಲ್ಲಿ ಹಲವು ಬ್ಯಾಕೆಂಡ್ ಇರಬಹುದು ಅಂತಾಯಿತು. ಮ್ಯಾಕ್ರೋದ ಹೆಸರು ಅದೇ ಉಳಿಯಿತು, ಅರ್ಥ ಬದಲಾಯಿತು: ಮೊದಲು ಇದು ಎಕ್ಸ್ ಅಂತ ಇದ್ದದ್ದು ಈಗ ಇದರಲ್ಲಿ ಎಕ್ಸ್ ಕೂಡ ಇದೆ ಅಂತ ಆಯಿತು. ಹಳೆಯ ಕೋಡ್ ಅನೇಕ ಕಡೆ ಹಳೆಯ ಅರ್ಥವನ್ನೇ ಹಿಡಿದುಕೊಂಡಿದೆ. ಅಂಥ ಪ್ರೋಗ್ರಾಂ ಅನ್ನು ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ವೇಲ್ಯಾಂಡ್ ಮೇಲೆ ಓಡಿಸಿದರೆ, ವೇಲ್ಯಾಂಡ್ ಡಿಸ್‌ಪ್ಲೇಯನ್ನೇ ಎಕ್ಸ್ ಡಿಸ್‌ಪ್ಲೇ ಎಂದುಕೊಂಡು ಅದರೊಳಗಿನ ಪಾಯಿಂಟರ್ ತೆಗೆಯಲು ಹೋಗಿ ಕ್ರ್ಯಾಶ್ ಆಗುತ್ತದೆ. ಆದ್ದರಿಂದ ಹೊರಗೆ ಮ್ಯಾಕ್ರೋ, ಒಳಗೆ ಜಿಡಿಕೆ_ಈಸ್_ಎಕ್ಸ್11_ಡಿಸ್‌ಪ್ಲೇ ಎಂಬ ಪರೀಕ್ಷೆ. ಎರಡೂ ಬೇಕು.

ಒಂದು ಸೂಕ್ಷ್ಮ ಇದೆ, ಇದು ಒಮ್ಮೆ ಕೈಕೊಟ್ಟರೆ ದಿನಗಟ್ಟಲೆ ಹುಡುಕಬೇಕಾಗುತ್ತದೆ. ಆ ಮ್ಯಾಕ್ರೋ ಎಲ್ಲಿಂದ ಬರುತ್ತದೆ? ಜಿಟಿಕೆಯ ಹೆಡರ್ ಒಳಗಿನಿಂದಲೇ. ನೀವು ಫೈಲ್‌ನ ಮೊದಲ ಸಾಲಿನಲ್ಲೇ ಈ ಮ್ಯಾಕ್ರೋ ಇದ್ದರೆ ಜಿಡಿಕೆಎಕ್ಸ್.ಎಚ್ ಸೇರಿಸು ಅಂತ ಬರೆದು, ಜಿಟಿಕೆ.ಎಚ್ ಅನ್ನು ಅದರ ಕೆಳಗೆ ಬರೆದರೆ, ಆ ಘಳಿಗೆಯಲ್ಲಿ ಮ್ಯಾಕ್ರೋ ಇನ್ನೂ ಹುಟ್ಟಿಯೇ ಇರುವುದಿಲ್ಲ. ಎಕ್ಸ್ ಇರುವ ಯಂತ್ರದಲ್ಲೂ ಆ ಹೆಡರ್ ಸೇರುವುದಿಲ್ಲ. ಫೈಲ್ ಪೂರ್ತಿ ಹೀಗೇ ಇದ್ದರೆ ಕಂಪೈಲರ್ ಒಂದು ಮಾತೂ ಆಡುವುದಿಲ್ಲ, ಎಲ್ಲ ಚೆನ್ನಾಗಿ ಬಿಲ್ಡ್ ಆಯಿತು ಅಂತ ತೋರುತ್ತದೆ, ಎಕ್ಸ್ ಬಳಸುವವರಿಗೆ ಮಾತ್ರ ಸೌಲಭ್ಯ ಸದ್ದಿಲ್ಲದೆ ಮಾಯವಾಗಿರುತ್ತದೆ. ಜಿಟಿಕೆ.ಎಚ್ ಮೊದಲು, ಪರೀಕ್ಷೆ ಆಮೇಲೆ.

ಇನ್ನು ಕೀಕೋಡ್. ಎಕ್ಸ್‌ನಲ್ಲಿ ಎ ಕೀಯ ಸಂಖ್ಯೆ 38. ಲಿನಕ್ಸ್ ಕರ್ನಲ್ ಅದೇ ಕೀಗೆ ಕೊಡುವ ಸಂಖ್ಯೆ 30. ಎಕ್ಸ್ ಪ್ರೊಟೊಕಾಲ್‌ನಲ್ಲಿ ಕೀಕೋಡ್‌ಗಳು 8ಕ್ಕಿಂತ ಕೆಳಗೆ ಇರುವಂತಿಲ್ಲ, ಅದಕ್ಕೇ ಈ 8ರ ಅಂತರ. ವೇಲ್ಯಾಂಡ್ ಕರ್ನಲ್‌ನ ಸಂಖ್ಯೆಯನ್ನೇ ಕಳಿಸುತ್ತದೆ, ಪಡೆದವರು ಅದನ್ನು ಅಕ್ಷರವಾಗಿಸುವ ಎಕ್ಸ್‌ಕೆಬಿಕಾಮನ್ ಲೈಬ್ರರಿಗೆ ಕೊಡುವ ಮೊದಲು 8 ಕೂಡಿಸಬೇಕು. ಜಿಟಿಕೆ ಬಳಸಿದರೆ ಇದನ್ನು ಅದೇ ನೋಡಿಕೊಳ್ಳುತ್ತದೆ. ಆದರೂ ನನ್ನ ಸಲಹೆ, ಸಂಖ್ಯೆ ನೋಡುವುದನ್ನೇ ಬಿಟ್ಟು ಜಿಟಿಕೆಯ ಕೆಳಪದರವಾದ ಜಿಡಿಕೆಯ ಕೀ ಹೆಸರುಗಳನ್ನು ಬಳಸಿ.

ಈ ಮಾತು ಬಂದಾಗ ಕನ್ನಡದ ಟೈಪಿಂಗ್ ನೆನಪಾಗುತ್ತದೆ, ಎಕ್ಸ್ ಹೋದರೆ ಕಗಪ ಕೀಬೋರ್ಡ್ ಹೋಗುತ್ತದಾ ಅಂತ ಅನುಮಾನ ಬರುವುದು ಸಹಜ. ಹೋಗುವುದಿಲ್ಲ. ಕೀಬೋರ್ಡ್ ವಿನ್ಯಾಸಗಳೆಲ್ಲ ಎಕ್ಸ್‌ಕೀಬೋರ್ಡ್-ಕಾನ್ಫಿಗ್ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿವೆ, ಕನ್ನಡದವೂ ಅಲ್ಲೇ ಇವೆ, ವೇಲ್ಯಾಂಡ್ ಕೂಡ ಅದನ್ನೇ ಓದುತ್ತದೆ. ಹೆಸರಿನಲ್ಲಿ ಎಕ್ಸ್ ಇದೆಯೆಂದು ಅದನ್ನು ಪಟ್ಟಿಯಿಂದ ತೆಗೆದುಹಾಕಬೇಡಿ, ಎಕ್ಸ್‌ಕೆಬಿಕಾಮನ್ ವಿಷಯದಲ್ಲೂ ಇದೇ ಮಾತು. ಹೋಗುವುದು ಎಕ್ಸ್‌ಐಎಂ ಎಂಬ ಹಳೆಯ ಇನ್‌ಪುಟ್ ದಾರಿ ಮಾತ್ರ. ಹೊಸ ಬಿಲ್ಡ್ ಆದ ಮೇಲೆ ಪ್ರೋಗ್ರಾಂನ ಹುಡುಕುವ ಚೌಕದಲ್ಲಿ ಒಮ್ಮೆ ‘ಕ್ಷ’, ‘ರ್ಕ’ ಟೈಪ್ ಮಾಡಿ ನೋಡಿ. ಬರೀ ಇಂಗ್ಲಿಷ್ ಅಕ್ಷರ ಒತ್ತಿ ನೋಡಿದರೆ ಇನ್‌ಪುಟ್ ಸರಿಯಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ.

ನೇರವಾಗಿ ಕರೆದದ್ದು ಕಣ್ಣಿಗೆ ಬೀಳುತ್ತದೆ. ಹಿತ್ತಿಲ ಬಾಗಿಲಿನಿಂದ ಬರುವ ಎಕ್ಸ್ ಬೀಳುವುದಿಲ್ಲ. ನಿಮ್ಮ ಕೋಡ್‌ನಲ್ಲಿ ಎಕ್ಸ್ ಎಂಬ ಅಕ್ಷರವೇ ಇಲ್ಲ, ಆದರೂ ಎಕ್ಸ್‌ಲಿಬ್.ಎಚ್ ಸಿಗಲಿಲ್ಲ ಎಂಬ ಎರರ್ ಬರುತ್ತದೆ. ಬಹಳ ಸಲ ಇದಕ್ಕೆ ಕಾರಣ ಇಜಿಎಲ್. ಪರದೆಗೂ ಗ್ರಾಫಿಕ್ಸ್ ಕಾರ್ಡ್‌ಗೂ ನಡುವೆ ಕೊಂಡಿ ಹಾಕುವ ಪದರ ಅದು. ಅದರ ಪ್ಲಾಟ್‌ಫಾರ್ಮ್ ಹೆಡರ್‌ನಲ್ಲಿ ವರ್ಷಗಟ್ಟಲೆ ಒಂದು ಊಹೆ ಕೂತಿತ್ತು: ಇದು ಯೂನಿಕ್ಸ್ ಯಂತ್ರ, ಅಂದಮೇಲೆ ಎಕ್ಸ್ ಇದ್ದೇ ಇರುತ್ತದೆ. ಅದಕ್ಕೆ ಪರಿಹಾರ ಇಜಿಎಲ್_ನೋ_ಎಕ್ಸ್11 ಎಂಬ ಮ್ಯಾಕ್ರೋ. ಮೆಸಾ ಎಂಬ ಗ್ರಾಫಿಕ್ಸ್ ಲೈಬ್ರರಿಯ ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಇನ್ನೂ ಉದ್ದ, ಮೆಸಾ_ಇಜಿಎಲ್_ನೋ_ಎಕ್ಸ್11_ಹೆಡರ್ಸ್. ಬಿಲ್ಡ್ ಫೈಲಿನಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟರೆ ಹಳೆಯದಕ್ಕೂ ಹೊಸದಕ್ಕೂ ಆಗುತ್ತದೆ. ಇದನ್ನು ಒಂದೊಂದು ಫೈಲಿನಲ್ಲಿ ಬರೆಯುವುದಕ್ಕಿಂತ ಇಡೀ ಬಿಲ್ಡ್‌ಗೆ ಒಂದೇ ಸಲ ಕೊಡುವುದು ಒಳ್ಳೆಯದು, ಯಾಕೆಂದರೆ ಈ ಮ್ಯಾಕ್ರೋ ಇದ್ದಾಗ ಮತ್ತು ಇಲ್ಲದಾಗ ಇಜಿಎಲ್‌ನ ಕೆಲವು ಟೈಪ್‌ಗಳೇ ಬೇರೆಯಾಗುತ್ತವೆ.

ಎಕ್ಸ್‌ಲಿಬ್.ಎಚ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆ ಹೆಡರ್ ಬರೆದ ಕಾಲದಲ್ಲಿ ಸಿ ಭಾಷೆಯಲ್ಲಿ ಬೂಲಿಯನ್ ಟೈಪ್ ಇರಲಿಲ್ಲ. ಹಾಗಾಗಿ (ದೊಡ್ಡಕ್ಷರದಿಂದ ಶುರುವಾಗುವ) ಬೂಲ್ ಅಂದರೆ ಇಂಟ್, ಟ್ರೂ ಅಂದರೆ 1, ಫಾಲ್ಸ್ ಅಂದರೆ 0 ಅಂತ ಅದೇ ಮ್ಯಾಕ್ರೋ ಮಾಡಿಕೊಂಡಿತು. ಸ್ಟೇಟಸ್ ಅಂದರೂ ಇಂಟ್. ಜೊತೆಗೆ ಬರುವ ಎಕ್ಸ್.ಎಚ್‌ನಲ್ಲಿ ನನ್ (None) ಅಂದರೆ ಸೊನ್ನೆ. ಮ್ಯಾಕ್ರೋಗೆ ಊರು ಕೇರಿ ಅಂತಿಲ್ಲ, ಎಲ್ಲಿ ಆ ಪದ ಕಂಡರೂ ಬದಲಾಯಿಸುತ್ತದೆ. ನಿಮ್ಮ ಸಿ ಪ್ಲಸ್ ಪ್ಲಸ್ ಕೋಡ್‌ನಲ್ಲಿ ಒಂದು ಈನಮ್‌ಗೆ ನನ್ ಅಂತ ಹೆಸರಿಟ್ಟಿದ್ದರೆ, ಅಲ್ಲಿ ಸೊನ್ನೆ ಬಂದು ಕೂತು, ಅರ್ಥವೇ ಆಗದ ಎರರ್ ಕೊಡುತ್ತದೆ. ಎಕ್ಸ್ ತೆಗೆದಾಗ ಈ ಕಾಟ ಹೋಗುತ್ತದೆ. ಆದರೆ ತಿರುಗಿ ಇನ್ನೊಂದು ಸಮಸ್ಯೆ ಎದ್ದು ಬರುತ್ತದೆ: ಎಕ್ಸ್‌ಗೆ ಸಂಬಂಧವೇ ಇಲ್ಲದ ಫೈಲುಗಳಲ್ಲಿ, ಚಿತ್ರದ ಬಣ್ಣ ತಿದ್ದುವ ಫೈಲಿನಲ್ಲಿ, ಸೆಟ್ಟಿಂಗ್ ಓದುವ ಫೈಲಿನಲ್ಲಿ, ಎಲ್ಲೋ ಯಾರೋ ಆ ದೊಡ್ಡಕ್ಷರದ ಬೂಲ್, ಟ್ರೂ ಬಳಸಿರುತ್ತಾರೆ, ಅವು ಎಕ್ಸ್‌ನಿಂದ ಬಂದವು ಎಂಬುದು ಅವರಿಗೇ ಗೊತ್ತಿರಲಿಲ್ಲ. ಇವನ್ನೆಲ್ಲ ಸಿ ಭಾಷೆಯ ಸ್ವಂತ ಬೂಲ್‌ಗೆ ತಿದ್ದಬೇಕು. ಬೇಸರದ ಕೆಲಸ ನಿಜ, ಆದರೆ ಇದನ್ನು ಬೇರೆಯದೇ ಕಮಿಟ್ ಆಗಿ ಮೊದಲು ಮುಗಿಸಿಬಿಡಿ. ಆಮೇಲೆ ಬರುವ ಬದಲಾವಣೆ ಓದುವವರಿಗೆ ಎಷ್ಟೋ ಹಗುರವಾಗುತ್ತದೆ.

ಇಫ್‌ಡೆಫ್ ಎಷ್ಟು ಹಾಕಬಹುದು? ಎರಡು ಮೂರು ಕಡೆ ಆದರೆ ಪರವಾಗಿಲ್ಲ. ಇಪ್ಪತ್ತು ಕಡೆ ಆದರೆ ಯಾರೂ ಓದಲಾರರು, ಮುಂದಿನ ವರ್ಷ ಯಾರೋ ಒಂದು ಸಾಲು ಸೇರಿಸುವಾಗ ಎಲ್ಲೋ ಒಂದು ಕಡೆ ತಪ್ಪುತ್ತದೆ. ನನಗೆ ಹಿಡಿಸುವ ದಾರಿ ಎಂದರೆ ಎಕ್ಸ್‌ಗೆ ಸೇರಿದ್ದನ್ನೆಲ್ಲ ಒಂದೇ ಫೈಲಿಗೆ ಸಾಗಿಸಿ, ಅದರ ಮುಂದೆ ಎಕ್ಸ್‌ನ ಯಾವ ಟೈಪೂ ಕಾಣದ ನಾಲ್ಕೈದು ಫಂಕ್ಷನ್‌ಗಳ ಹೆಡರ್ ಇಡುವುದು. ಎಕ್ಸ್ ಬೇಕೆಂದರೆ ಆ ಫೈಲ್ ಬಿಲ್ಡ್‌ಗೆ ಸೇರುತ್ತದೆ, ಬೇಡವೆಂದರೆ ಅದರ ಜಾಗದಲ್ಲಿ ಇನ್ನೊಂದು. ಇಮ್ಯಾಕ್ಸ್ ಎಡಿಟರ್‌ನ 29ನೇ ಆವೃತ್ತಿಯಲ್ಲಿ ಹೀಗೇ ಮಾಡಿದ್ದಾರೆ. 2023ರಲ್ಲಿ ಬಂದ ಆ ಆವೃತ್ತಿಯಲ್ಲಿ ಎಕ್ಸ್ ಇಲ್ಲದೆ ಜಿಟಿಕೆಯನ್ನಷ್ಟೇ ಬಳಸುವ ಪಿಜಿಟಿಕೆ ಎಂಬ ಆಯ್ಕೆ ಇದೆ, ಅದರ ಕೋಡ್ ಎಕ್ಸ್‌ನ ಕೋಡ್ ಪಕ್ಕದಲ್ಲಿ ತನ್ನದೇ ಫೈಲುಗಳಲ್ಲಿ ಇದೆ. ಅಷ್ಟು ಹಳೆಯ, ಎಕ್ಸ್ ಜೊತೆ ದಶಕಗಟ್ಟಲೆ ಬೆಳೆದ ಪ್ರೋಗ್ರಾಂಗೇ ಇದು ಸಾಧ್ಯವಾಗಿದೆ. ಫೈರ್‌ಫಾಕ್ಸ್‌ನಲ್ಲೂ ವೇಲ್ಯಾಂಡ್ ಮಾತ್ರ ಸಾಕು ಅಂತ ಬಿಲ್ಡ್ ಮಾಡುವ ಆಯ್ಕೆ ಇದೆ.

ಬದಲಿ ಫೈಲಿನಲ್ಲಿ ಮಾಡಲಾಗದ ಕೆಲಸಕ್ಕೆ ಏನು ಬರೆಯಬೇಕು? ಸುಮ್ನೆ ಖಾಲಿ ಫಂಕ್ಷನ್ ಬರೆದು ಎಲ್ಲ ಸರಿಯಾಯಿತು ಅಂತ ವಾಪಸ್ ಕೊಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿನ್ನೆಲೆಯಾಗಿ ಇಡು ಎಂಬ ಮೆನು ಇದೆ, ಒತ್ತಿದರೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ ಎಂದರೆ ಬಳಸುವವರು ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ಆಗುವುದಿಲ್ಲ ಅಂತ ಫಂಕ್ಷನ್ ಹೇಳಲಿ, ಮೆನು ಅದನ್ನು ಕೇಳಿ ತಾನೇ ಮರೆಯಾಗಲಿ.

ಬಿಲ್ಡ್ ಫೈಲಿಗೆ ಬರೋಣ. ಮೆಸಾನ್ ಎಂಬ ಬಿಲ್ಡ್ ಸಾಧನದಲ್ಲಿ ಎಕ್ಸ್ ಅನ್ನು ಒಂದು ಫೀಚರ್ ಆಯ್ಕೆಯಾಗಿ ಇಟ್ಟರೆ ಬೇಕು, ಬೇಡ, ಆಟೋ ಎಂಬ ಮೂರು ಸ್ಥಿತಿ ಸಿಗುತ್ತವೆ. ಅಪಾಯ ಇರುವುದು ಆಟೋದಲ್ಲಿ. ಯಂತ್ರದಲ್ಲಿ ಎಕ್ಸ್ ಕಂಡರೆ ಸೇರಿಸಿಕೊಳ್ಳುತ್ತದೆ, ಕಾಣದಿದ್ದರೆ ಬಿಡುತ್ತದೆ, ಒಂದೇ ಕೋಡ್ ಎರಡು ಯಂತ್ರದಲ್ಲಿ ಎರಡು ಬೇರೆ ಪ್ರೋಗ್ರಾಂ ಆಗುತ್ತದೆ. ಪ್ಯಾಕೇಜ್ ಮಾಡುವವರು ಬೇಡ ಅಂತ ಹೇಳಿದರೆ ಎಕ್ಸ್ ಇದ್ದರೂ ಮುಟ್ಟಬಾರದು, ಬೇಕು ಅಂತ ಹೇಳಿದರೆ ಇಲ್ಲದಾಗ ಬಿಲ್ಡ್ ನಿಲ್ಲಬೇಕು. ಲೈಬ್ರರಿ ಹುಡುಕಿಕೊಡುವ ಪಿಕೆಜಿ-ಕಾನ್ಫಿಗ್‌ನ ಜಿಟಿಕೆ-ಎಕ್ಸ್11 ಎಂಬ ಹೆಸರನ್ನು ಎಲ್ಲರಿಗೂ ಕಡ್ಡಾಯ ಮಾಡಿರುವ ಸಾಲು, ಲಿಂಕ್ ಮಾಡುವ ಪಟ್ಟಿಯಲ್ಲಿ ಕೈಯಾರೆ ಬರೆದಿಟ್ಟ ಎಕ್ಸ್11, ಇವನ್ನೂ ಹುಡುಕಿ ತೆಗೆಯಬೇಕು. ಕೆಳಗಿನ ಪದರಗಳಿಗೂ ಇದೇ ಕ್ರಮ, ಬುಡದಿಂದ ಮೇಲಕ್ಕೆ: ಮೆಸಾಗೆ ವೇಲ್ಯಾಂಡ್ ಪ್ಲಾಟ್‌ಫಾರ್ಮ್ ಮಾತ್ರ ಕೊಟ್ಟು ಎಕ್ಸ್‌ಗೆಂದೇ ಇರುವ ಜಿಎಲ್‌ಎಕ್ಸ್ ನಿಲ್ಲಿಸಿ, ಆಮೇಲೆ ಎಪಾಕ್ಸಿ ಮತ್ತು ಕೈರೋ ಎಂಬ ಗ್ರಾಫಿಕ್ಸ್ ಲೈಬ್ರರಿಗಳು, ಕೊನೆಗೆ ಜಿಟಿಕೆ.

ಆಯಿತು, ಬಿಲ್ಡ್ ಆಯಿತು. ನಿಜವಾಗಿ ಎಕ್ಸ್ ಹೋಯಿತಾ? ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನೆಲ್ಲ ತೋರಿಸುವ ಎಲ್‌ಡಿಡಿ ಹೊಡೆದರೆ ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ಎಕ್ಸ್ ಲೈಬ್ರರಿ ಕಂಡೇ ಕಾಣುತ್ತದೆ, ಯಾಕೆಂದರೆ ಅಲ್ಲಿನ ಜಿಟಿಕೆಯೇ ಅದನ್ನು ಎಳೆದುಕೊಂಡು ಬರುತ್ತದೆ. ನಿಮ್ಮ ಪ್ರೋಗ್ರಾಂ ನೇರವಾಗಿ ಕೇಳುವುದು ಏನನ್ನು ಅಂತ ತಿಳಿಯಲು ರೀಡ್‌ಎಲ್ಫ್ ಕೊಡುವ ಪಟ್ಟಿ ನೋಡಿ. ಅದೂ ಪೂರ್ತಿ ಸಾಕ್ಷಿ ಅಲ್ಲ. ಎಸ್‌ಡಿಎಲ್‌ನಂಥ ಲೈಬ್ರರಿಗಳು ಎಕ್ಸ್ ಅನ್ನು ಓಡುವಾಗ ತೆರೆದುಕೊಳ್ಳುವಂತೆ ಬಿಲ್ಡ್ ಆಗಬಲ್ಲವು, ಆಗ ಎರಡೂ ಪಟ್ಟಿಗಳಲ್ಲಿ ಕಾಣುವುದಿಲ್ಲ. ನಂಬಬಹುದಾದ ಪರೀಕ್ಷೆ ಒಂದೇ, ಎಕ್ಸ್‌ನ ಹೆಡರ್‌ಗಳೇ ಇಲ್ಲದ ಕಂಟೇನರ್‌ನಲ್ಲಿ ಮೊದಲಿನಿಂದ ಬಿಲ್ಡ್ ಮಾಡುವುದು. ಓಡಿಸುವಾಗ ಡಿಸ್‌ಪ್ಲೇ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ತೆಗೆದು ಓಡಿಸಿ, ಇಲ್ಲದಿದ್ದರೆ ಎಕ್ಸ್‌ವೇಲ್ಯಾಂಡ್ ನಡುವೆ ಬಂದು ತಪ್ಪನ್ನು ಮುಚ್ಚಿಬಿಡುತ್ತದೆ.

ಕಂಪೈಲರ್ ಆವೃತ್ತಿಯನ್ನೂ ಗಮನಿಸಿ. ಹೆಡರ್ ತೆಗೆದು ಫಂಕ್ಷನ್ ಕರೆಯುವ ಸಾಲು ಉಳಿದುಬಿಟ್ಟರೆ, ಹಳೆಯ ಜಿಸಿಸಿ ಬರೀ ಎಚ್ಚರಿಕೆ ಕೊಟ್ಟು, ಆ ಫಂಕ್ಷನ್ ಇಂಟ್ ಕೊಡುತ್ತದೆ ಅಂತ ತಾನೇ ಊಹಿಸಿಕೊಂಡು ಮುಂದೆ ಹೋಗುತ್ತಿತ್ತು. ಲೈಬ್ರರಿ ಹೇಗೋ ಲಿಂಕ್ ಆದರೆ, 64 ಬಿಟ್‌ನ ಪಾಯಿಂಟರ್ 32 ಬಿಟ್‌ಗೆ ಮೊಟಕಾಗಿ ಪ್ರೋಗ್ರಾಂ ಎಲ್ಲೋ ದೂರದಲ್ಲಿ ಬೀಳುತ್ತಿತ್ತು. 2024ರಲ್ಲಿ ಬಂದ ಜಿಸಿಸಿ 14ರಿಂದ ಇದು ನೇರ ಎರರ್. ಹಳೆಯ ಕಂಪೈಲರ್ ಇದ್ದವರು ಆ ಎಚ್ಚರಿಕೆಯನ್ನು ಎರರ್ ಆಗಿ ಮಾಡಿಕೊಂಡೇ ಕೆಲಸ ಶುರು ಮಾಡಿ.

ಮೂರು ಬಿಲ್ಡ್‌ಗಳು ದಿನವೂ ತಾನಾಗಿ ನಡೆಯುವಂತೆ ಇಡಿ: ಎಕ್ಸ್ ಮಾತ್ರ, ವೇಲ್ಯಾಂಡ್ ಮಾತ್ರ, ಎರಡೂ. ಎಕ್ಸ್ ಮಾತ್ರ ಎಂಬುದನ್ನು ಬಿಡಬೇಡಿ. ಹಳೆಯ ಯಂತ್ರದವರು, ಎಕ್ಸ್‌ನಲ್ಲಷ್ಟೇ ಕೆಲಸ ಮಾಡುವ ಸಹಾಯಕ ಸಾಧನಗಳನ್ನು ನೆಚ್ಚಿಕೊಂಡವರು ಇನ್ನೂ ಇದ್ದಾರೆ, ಅವರ ಪ್ರೋಗ್ರಾಂ ನಮ್ಮ ಪ್ಯಾಚ್‌ನಿಂದ ಮುರಿಯಬಾರದು. ಪ್ಯಾಚ್ ಕಳಿಸುವಾಗ ಯಾವ ಕಂಟೇನರ್‌ನಲ್ಲಿ, ಯಾವ ಆಯ್ಕೆಗಳೊಂದಿಗೆ ಬಿಲ್ಡ್ ಮಾಡಿದಿರಿ ಎಂಬ ಕಮಾಂಡ್ ಅನ್ನು ಕಮಿಟ್ ಸಂದೇಶದಲ್ಲೇ ಬರೆಯಿರಿ. ನೋಡುವವರ ಯಂತ್ರದಲ್ಲಿ ಎಕ್ಸ್ ಹೆಡರ್‌ಗಳು ಇದ್ದೇ ಇರುತ್ತವೆ, ಆ ಕಮಾಂಡ್ ಇಲ್ಲದೆ ಅವರಿಗೆ ಮೊದಲಿನ ಆ ಎರರ್ ಕಾಣುವುದೇ ಇಲ್ಲ.